ಊಟ ಆಯ್ತಾ ಅಂತ ಕೇಳುವವನು

ಮಹತಿಗೆ ಸಿಟ್ಟು ಬರೋದೇ ಕಡಿಮೆ. ಬಂತು ಅಂದರೆ ಮಾತ್ರ ಎದುರಿಗಿದ್ದವರ ಗ್ರಹಚಾರ ಬಿಡಿಸಿಬಿಡ್ತಾಳೆ. ಮೈಸೂರಿನವಳು, ಅಮೆರಿಕದ ಕ್ಯಾರಲ್ಟನ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಮೂವತ್ತನಾಲ್ಕು ವಯಸ್ಸು, ಒಂದು ಮದುವೆ ಮುರಿದಿತ್ತು.

ಮ್ಯಾಟ್ರಿಮೊನಿ ಸೈಟಿನಲ್ಲಿ ಸಿಕ್ಕ ಕೌಸ್ತುಭ್ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯವನು. ಎರಡು ತಿಂಗಳು ಬರೀ ಮೆಸೇಜು. ‘ಫೋನಲ್ಲಿ ನಂಗೆ ಮಾತೇ ಹೊರಡಲ್ಲ, ಎದುರಿಗೇ ಸಿಗೋಣ’ ಅಂದಿದ್ದ. ಆಗಲೇ ಇವಳಿಗೆ ಗೊತ್ತಾಗಬೇಕಿತ್ತು, ಆಗಲಿಲ್ಲ. ದಿನಾ ಮಧ್ಯಾಹ್ನ ‘ಊಟ ಆಯ್ತಾ?’ ಅಂತ ತಪ್ಪದೆ ಬರೋದು. ಹಳೇ ಗಂಡ ಒಂದು ದಿನ ಕೇಳಿದವನಲ್ಲ. ಆ ಗಂಡ ಕೈ ಎತ್ತುತ್ತಿದ್ದದ್ದನ್ನ ಹೆತ್ತ ತಾಯಿಗೂ ಹೇಳದವಳು ಇವನಿಗೆ ಬರೆದಳು. ‘ನೀವು ಬಿಟ್ಟು ಬಂದದ್ದೇ ಸರಿ’ ಅಂತ ಉತ್ತರ ಬಂತು. ಆ ಒಂದು ಸಾಲನ್ನ ನಂಬಿ ಶನಿವಾರ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋದಳು.

ಕಾಫಿ ಅಂಗಡಿಗೆ ಬಂದ ಕೌಸ್ತುಭ್ ಲಕ್ಷಣವಾಗಿಯೇ ಇದ್ದ. ಕೂತವನೇ, ‘ಇಷ್ಟು ದಿನ ಯಾಕೆ ನೀವು ಮದುವೆ ಆಗಲಿಲ್ಲ?’ ಅಂದ.

ತಮಾಷೆ ಅಂದುಕೊಂಡು ನಕ್ಕಳು. ಅವನು ನಗಲಿಲ್ಲ.

‘ಆಗಿತ್ತಲ್ಲ. ಎಲ್ಲಾ ಬರೆದಿದ್ನಲ್ಲ ನಿಮಗೆ.’

‘ಓ, ಪ್ರೊಫೈಲ್ ಎಲ್ಲಾ ನಮ್ಮಕ್ಕ ಲೀಲಾವತಿ ನೋಡ್ಕೊಳ್ಳೋದು, ಸೌತ್‌ಲೇಕ್‌ನಲ್ಲಿದ್ದಾಳೆ. ಚಾಟ್ ಮಾಡೋಕೆ ನಂಗೆಲ್ಲಿ ಟೈಮು? ಎಲ್ಲರ ಮನೇಲೂ ಹೀಗೇ ತಾನೆ?’ ಹುಬ್ಬು ಗಂಟಿಕ್ಕಿದ. ‘ಡಿವೋರ್ಸಾ? ಮೊದಲೇ ಹೇಳಬೇಕಿತ್ತು ನೀವು.’

ಎಂಥಾ ದಪ್ಪ ಚರ್ಮ ನೋಡಿ! ಮಹತಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಯಾವಳೋ ಕೂತು ತನ್ನ ಕಣ್ಣೀರನ್ನೆಲ್ಲ ಓದಿದ್ದಾಳೆ, ತಾನು ಇಲ್ಲಿಗೆ ಬಂದು ಕೂತಿದ್ದೇನೆ.

‘ಹಾಕಿ ನಿಮ್ಮಕ್ಕನಿಗೆ ಫೋನು. ಸ್ಪೀಕರ್‌ನಲ್ಲಿ.’

ವಿಷಯ ಕೇಳಿ ಲೀಲಾವತಿ ತಡವರಿಸಿದರು. ‘ಮೊದಲು ಅವನು ನಿಮ್ಮನ್ನ ನೋಡ್ಲಿ, ಆಮೇಲೆ ಅವನಿಗೆ ಎಲ್ಲಾ ಹೇಳೋಣ ಅಂತಿದ್ದೆ. ನೀವು ನಂಗೆ ತುಂಬಾ ಹಿಡಿಸಿದ್ರಿ, ಮಹತಿ.’

‘ನಂಗೂ ಹಿಡಿಸಿದ್ದು ನೀವೇ. ಇಲ್ಲಿ ಕೂತಿರೋ ಮನುಷ್ಯ ಯಾರು ಅಂತ ನಂಗೆ ಗೊತ್ತಿಲ್ಲ. ಇನ್ನೊಬ್ಬಳಿಗೆ ಹೀಗೆ ಮಾಡಿದ್ರೆ ನಿಮ್ಮನೆ ಬಾಗಿಲಿಗೇ ಬರ್ತೀನಿ, ದೂರ ಏನಿಲ್ಲ.’ ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದಳು. ಕಾಫಿ ಮುಟ್ಟಿರಲಿಲ್ಲ.

ದಾರಿಯಲ್ಲಿ ಕಾರಿಗೆ ಗ್ಯಾಸ್ ಹಾಕಲು ನಿಲ್ಲಿಸಿದಾಗ ಫೋನ್ ಸದ್ದು ಮಾಡಿತು. ಕೌಸ್ತುಭನ ಫೋಟೋ, ಪಕ್ಕದಲ್ಲಿ ಎಂದಿನ ಮಾತು: ‘ಊಟ ಆಯ್ತಾ?’

ನೋಡುತ್ತಿದ್ದ ಹಾಗೇ ಬೆರಳು ‘ಇನ್ನೂ ಇಲ್ಲ’ ಅಂತ ಬರೆದುಬಿಟ್ಟಿತ್ತು. ಆ ದಿನ ಮಹತಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಬೆರಳಿನ ಮೇಲೆ.