ಏಕನಾಥ ಹೇಳಿದ ಖಾಲಿ

ನಿಜಲಿಂಗಪ್ಪನ ಸಂಶಯದ ಸ್ವಭಾವ ಪುಣೆಯ ಧಾನೋರಿಯ ಅವನ ಓಣಿಗೆಲ್ಲ ಗೊತ್ತಿತ್ತು. ಗ್ಯಾಸ್ ಬಂದ್ ಮಾಡಿದ್ದೇನೆ ಎಂದು ಹೆಂಡತಿ ಸುಮಂಗಲಾ ಎಷ್ಟು ಸಲ ಹೇಳಿದರೂ ತಾನೇ ಎದ್ದು ಹೋಗಿ ತಿರುವಿ ನೋಡಿ ಬರುವವನು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುವವನು. ಕಂಡಕ್ಟರ್ ಹೌದೆಂದ ಮೇಲೆ ಪಕ್ಕದ ಸೀಟಿನವರನ್ನೂ ಕೇಳುವವನು.

"ನನ್ನ ಲಗ್ನಾ ಮಾಡ್ಕೊಳ್ಳೂವಾಗರೆ ಸರಿಯಾಗಿ ನೋಡಿದ್ರಿಲ್ಲೋ?" ಎಂದು ಸುಮಂಗಲಾ ಚುಡಾಯಿಸಿದರೆ, "ಮೂರ್ ಸಲ ಬಂದ್ ನೋಡೇನಿ. ನಿಮ್ಮಪ್ಪ ಚಾ ಕುಡಿಸಿ ಕುಡಿಸಿ ಬ್ಯಾಸತ್ತಿದ್ದ" ಎನ್ನುತ್ತಿದ್ದ.

ಇಂಥ ಮನುಷ್ಯ ಅರವತ್ತು ವರ್ಷದ ಬಾಳಿನಲ್ಲಿ ಒಂದೇ ಒಂದು ಸಲ ಇನ್ನೊಬ್ಬರ ಬಾಯಿಮಾತು ನಂಬಿ ಕೆಲಸಕ್ಕೆ ಕೈ ಹಾಕಿದ. ಆ ಒಂದು ಸಲದಲ್ಲಿ ಒಬ್ಬನ ಜೀವ ಹೋಯಿತು.

ಅವನು ಬೈಲಹೊಂಗಲದ ಕಡೆಯವನು. ಹತ್ತೊಂಬತ್ತಕ್ಕೆ ಸೈನ್ಯ ಸೇರಿ, ಬಂದೂಕು ಬಿಚ್ಚಿ ಜೋಡಿಸುವುದನ್ನು ಕಲಿತು, ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ, ನಿವೃತ್ತನಾದ ಮೇಲೆ ಪುಣೆಯಲ್ಲೇ ಉಳಿದ. ಅಲ್ಲಿನ ಕ್ಯಾಂಪ್ ಪೇಟೆಯ ಒಂದು ಬಂದೂಕಿನ ಅಂಗಡಿಯ ಹಿಂದುಗಡೆ ಅವನ ಮೇಜು. ಬ್ಯಾಂಕು, ಕಾರ್ಖಾನೆ, ಗೋದಾಮುಗಳ ಕಾವಲುಗಾರರು ಬಂದೂಕು ಹೊತ್ತುಕೊಂಡು ಅಲ್ಲಿಗೆ ಬರುತ್ತಿದ್ದರು. ಎಲ್ಲರಿಗೂ ಅವನು ಉಸ್ತಾದ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತಿದ್ದವನಿಗೆ ಬಂದೂಕು ಕೈಗೆ ಬಂತೆಂದರೆ ಮಾತ್ರ ಸೈನ್ಯದ ಹಿಂದಿಯೇ ಬಾಯಿಗೆ ಬರುತ್ತಿತ್ತು. ಪರೇಡಿನಲ್ಲಿ 'ಖಾಲೀ ಕರ್' ಎಂದು ಕೂಗಿದರೆ ಗುಂಡು ತೆಗೆದು ಬಂದೂಕು ಬರಿದು ಮಾಡಬೇಕು. ಆ ಕೂಗು ಅವನ ಕಿವಿಯಲ್ಲಿ ಮನೆ ಮಾಡಿತ್ತು.

ಹೋದ ಆಗಸ್ಟಿನಲ್ಲಿ ಏಕನಾಥ ಬಂದ. ಇಂದಾಪುರದವನು, ಮೂವತ್ತಾರರ ಪ್ರಾಯ, ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯ ಗೇಟಿನಲ್ಲಿ ಕಾವಲು. ಮರುದಿನ ಸೆಕ್ಯುರಿಟಿ ಕಂಪನಿಯ ಸಾಹೇಬರು ತಪಾಸಣೆಗೆ ಬರುವವರಿದ್ದರು. ರೈಫಲ್ ಒರೆಸಲು ಹಗ್ಗಕ್ಕೆ ಚಿಂದಿ ಬಟ್ಟೆ ಕಟ್ಟಿ ನಳಿಗೆಯೊಳಗೆ ಎಳೆಯುತ್ತಾರಲ್ಲ, ಹಾಗೆ ಎಳೆಯುವಾಗ ಹಿಂದಿನ ಪಾಳಿಯವನು ಹಗ್ಗ ಹರಿದುಬಿಟ್ಟಿದ್ದ. ಹರಿದಿದ್ದನ್ನು ಯಾರಿಗೂ ಹೇಳದೆ ರೈಫಲ್ ಗೋಡೆಗೆ ಒರಗಿಸಿ ಮನೆಗೆ ಹೋಗಿದ್ದ, ಪುಣ್ಯಾತ್ಮ! ಏಕನಾಥ ಪಾಳಿಗೆ ಬಂದು ಎಂದಿನಂತೆ ಗುಂಡು ತುಂಬಿ, ಆಮೇಲೆ ಬಾಯಿಯ ಕಡೆಯಿಂದ ನೋಡಿದರೆ ನಳಿಗೆಯಲ್ಲಿ ಚಿಂದಿ ಕಂಡಿತು. ಗುಂಡು ಹೊರಗೆ ತೆಗೆಯೋಣವೆಂದರೆ ಗುಂಡಿನ ಮನೆ ತೆರೆಯುವ ತುಕ್ಕು ಹಿಡಿದ ಬೋಲ್ಟು ಜಪ್ಪಯ್ಯ ಅಂದರೂ ಮೇಲೇಳಲಿಲ್ಲ. ಇದೆಲ್ಲ ನಿಜಲಿಂಗಪ್ಪನಿಗೆ ಗೊತ್ತಾದದ್ದು ಹತ್ತು ತಿಂಗಳ ಮೇಲೆ. ಅಂದು ಅವನಿಗೆ ಕಂಡದ್ದು ಚಿಂದಿ ಸಿಕ್ಕಿದ ನಳಿಗೆ, ತೆರೆಯದ ಬೋಲ್ಟು, ಬೆವರಿದ ಕಾವಲುಗಾರ, ಅಷ್ಟೇ.

ಬೋಲ್ಟು ತೆರೆಯದ ಬಂದೂಕಿನಲ್ಲಿ ಗುಂಡು ಇದೆಯೆಂದೇ ತಿಳಿದು ಮುಟ್ಟಬೇಕು. ಇದನ್ನು ನೂರಾರು ಮಂದಿಗೆ ಹೇಳಿಕೊಟ್ಟವನು ಅವನೇ. ಅಂದು ಮೇಜಿನ ಮೇಲೆ ಇನ್ನೂ ಆರು ಬಂದೂಕುಗಳಿದ್ದವು, ಊಟದ ಹೊತ್ತು ಮೀರಿತ್ತು. ತಲೆಯೆತ್ತದೆ ಗುಂಡಿನ ಬಗ್ಗೆ ಕೇಳಿದ: "ಗೋಲೀ?"

"ಖಾಲೀ ಆಹೇ, ಉಸ್ತಾದ."

ಸರಿ, ಖಾಲಿ. ರೈಫಲನ್ನು ಮೇಜಿನ ಇಕ್ಕಳಕ್ಕೆ ಬಿಗಿದ. ಬಾಯಿಯ ಕಡೆಯಿಂದ ಹಿತ್ತಾಳೆಯ ಸಲಾಕೆ ಇಳಿಸಿದ. ಅದು ಅಲುಗಾಡದ ಹಾಗೆ ಎದುರಿಗೆ ನಿಂತು ಹಿಡಿದುಕೊಳ್ಳಲು ಏಕನಾಥನಿಗೆ ಹೇಳಿ, ತಾನು ಪಕ್ಕದಲ್ಲಿ ನಿಂತು ಕೊಡತಿ ಎತ್ತಿದ. ಏಕನಾಥ ಹಿಡಿದುಕೊಂಡ. ಹಿಡಿದವನು ಒಂದು ಗಳಿಗೆ ತಡೆದು, "ಕಾಹೀ ಹೋಣಾರ ನಾಹೀ ನಾ, ಉಸ್ತಾದ?" ಎಂದ. ಏನೂ ಆಗುವುದಿಲ್ಲ ಅಲ್ಲವೇ ಎಂದು ಕೇಳಿದ್ದ.

ನಿಜಲಿಂಗಪ್ಪ ನಕ್ಕ. "ನಲವತ್ತು ವರ್ಷದಿಂದ ಇದೇ ಕೆಲಸ, ಹಿಡಿಯಪ್ಪ ಸುಮ್ಮನೆ" ಎಂದು ಹಿಂದಿಯಲ್ಲಿ ಗದರಿಸಿದ.

ಮೂರನೆಯ ಪೆಟ್ಟಿಗೆ ಗುಂಡು ಹಾರಿತು. ಸಲಾಕೆ ಏಕನಾಥನ ಎದೆಗೆ ಹೊಕ್ಕಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವನು ತೀರಿಕೊಂಡ. ನಿಜಲಿಂಗಪ್ಪನ ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯ ಮಂಚದ ಬಳಿ ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಗುಂಡು ಇಲ್ಲವೆಂದು ಸತ್ತವನೇ ಹೇಳಿದ್ದ ಎಂದು ನಿಜಲಿಂಗಪ್ಪ ಹೇಳಿದ. ಅವನ ಮಟ್ಟಿಗೆ ಅದು ಸತ್ಯವೇ ಆಗಿತ್ತು. ಎಡಗೈಯಲ್ಲಿ ಸೊಟ್ಟದಾಗಿ ಸಹಿ ಹಾಕಿದ. ಕೇಸು ಅಲ್ಲಿಗೆ ಮುಗಿಯಿತು. ಆಮೇಲೆ ಯಾರು ಕೈ ನೋಡಿ ಕೇಳಿದರೂ ಅದೇ ಮಾತು: "ಅಂವಾನ ಖಾಲಿ ಅಂದಾ. ನಂಬಿ ಕೆಟ್ಟೆ." ಸತ್ತವನ ಮೇಲೆ ಅವನಿಗೆ ಒಳಗೊಳಗೇ ಸಿಟ್ಟಿತ್ತು. ಆ ಸಿಟ್ಟಿನಿಂದ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಈ ಜೂನಿನ ಒಂದು ಮಧ್ಯಾಹ್ನ ಏಕನಾಥನ ಹೆಂಡತಿ ಇಂದೂ ಇಂದಾಪುರದಿಂದ ಎಸ್ಟಿ ಬಸ್ಸಿನಲ್ಲಿ ವಿಳಾಸ ಹುಡುಕಿಕೊಂಡು ಬಂದಳು. ಸುಮಂಗಲಾ ಕೊಟ್ಟ ನೀರು ಕುಡಿದು, ಚೀಲದಿಂದ ಒಂದು ಕಾಗದ ತೆಗೆದಳು. ಗಂಡನ ಜಾಗದಲ್ಲಿ ಕೆಲಸ ಕೊಡುತ್ತೇವೆಂದಿದ್ದ ಸೆಕ್ಯುರಿಟಿ ಕಂಪನಿ, ಅವನು ಸುಳ್ಳು ಮಾಹಿತಿ ಕೊಟ್ಟು ತನ್ನ ತಪ್ಪಿನಿಂದಲೇ ಸತ್ತನೆಂದು ಪೊಲೀಸ್ ಕಾಗದದಲ್ಲಿದೆ, ಕೆಲಸ ಕೊಡಲಾಗದು ಎಂದು ಬರೆದಿತ್ತು.

"ಜಗಳಕ್ಕೆ ಬಂದಿಲ್ಲ, ಕಾಕಾ" ಎಂದಳು ಮರಾಠಿಯಲ್ಲಿ. "ಊರಲ್ಲಿ ಜನ, ಏಕನಾಥ ತನ್ನ ನಾಲಗೆಯಿಂದಲೇ ಸತ್ತ ಅಂತಾರೆ. ನನ್ನ ಮಗಳ ಎದುರಿಗೇ ಅಂತಾರೆ. ನಮ್ಮವರು ಅವತ್ತು ನಿಮಗೆ ಹೇಳಿದ್ದು ಏನು? ಅದೇ ಶಬ್ದದಲ್ಲಿ ಒಂದು ಸಲ ಹೇಳಿ."

"ಗೋಲೀ ಅಂತ ಕೇಳಿದೆ. ಖಾಲೀ ಆಹೇ ಅಂದ."

"ರಿಕಾಮೀ ಅನ್ನಲಿಲ್ಲವೇ?"

"ಇಲ್ಲ. ಖಾಲೀ ಅಂದ. ಎಲ್ಲಿ ಬೇಕಾದರೂ ಆಣೆ ಮಾಡ್ತೀನಿ."

"ನಮ್ಮಲ್ಲಿ ಬರಿದಾಗಿದ್ದರೆ ರಿಕಾಮೀ ಅಂತೇವೆ, ಕಾಕಾ. ಖಾಲೀ ಅಂದರೆ ಕೆಳಗೆ. ಅವತ್ತು ಬೆಳಿಗ್ಗೆ ಫೋನಿನಲ್ಲಿ ನನಗೂ ಅದನ್ನೇ ಹೇಳಿದ್ದರು. ಚಿಂದಿ ವರ್ ಆಹೇ, ಗೋಳೀ ಖಾಲೀ ಆಹೇ. ಚಿಂದಿ ಮೇಲಿದೆ, ಗುಂಡು ಅದರ ಕೆಳಗಿದೆ, ಬೋಲ್ಟು ತೆರೆಯುತ್ತಿಲ್ಲ, ಅದಕ್ಕೇ ಪುಣೆಯ ಉಸ್ತಾದರ ಹತ್ತಿರ ಒಯ್ಯುತ್ತಿದ್ದೇನೆ ಅಂತ."

ಏನೂ ಆಗುವುದಿಲ್ಲ ಅಲ್ಲವೇ ಎಂದು ಏಕನಾಥ ಕೇಳಿದ್ದು ಯಾಕೆಂದು ನಿಜಲಿಂಗಪ್ಪನಿಗೆ ಈಗ ಅರ್ಥವಾಯಿತು. ಒಳಗೆ ಗುಂಡಿದೆಯೆಂದು ಗೊತ್ತಿದ್ದೂ ಅವನು ಸಲಾಕೆ ಹಿಡಿದಿದ್ದ. ತಾನು ಹೇಳಿದ್ದು ಉಸ್ತಾದನಿಗೆ ತಿಳಿದಿದೆ, ಉಸ್ತಾದ ನೋಡಿಕೊಳ್ಳುತ್ತಾನೆ ಎಂದು ನಂಬಿ ಹಿಡಿದಿದ್ದ. ಹತ್ತು ತಿಂಗಳು ತಾನು ಬೈದದ್ದು ನಿಜ ಹೇಳಿದ ಮನುಷ್ಯನನ್ನು.

"ನನ್ನ ಕಿವಿಗೆ ಅದು ಕನ್ನಡದ ಖಾಲಿ, ಸೈನ್ಯದ ಖಾಲಿಯಾಗಿ ಕೇಳಿತವ್ವಾ" ಎಂದ.

"ಬೋಲ್ಟು ತೆರೆದಿರಲಿಲ್ಲವಲ್ಲ, ನೋಡದೆ ಹೇಗೆ ನಂಬಿದಿರಿ?" ಎಂದು ಇಂದೂ ಕೇಳಿದಳು. ದನಿ ಏರಿರಲಿಲ್ಲ. ಅವಳು ಕಾಗದ ಮಡಚಿಟ್ಟುಕೊಂಡು ನಾಲ್ಕರ ಬಸ್ಸಿಗೆ ಹೊರಟುಹೋದಳು.

ಮರುದಿನ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಕೇಳಿದಾಗ ಸುಮಂಗಲಾಗೆ ಎಲ್ಲಿಗೆಂದು ಗೊತ್ತಾಯಿತು.

"ಮುಗದ ಕೇಸ್ ಅದರಿ. ಈಗ ಹೋಗಿ ಹೇಳಿದ್ರ ನಿಮ್ಮನ್ನ ಒಳಗ ಹಾಕ್ತಾರ" ಎಂದಳು.

"ಹಾಕ್ಲಿ."

"ಕೆಲಸಾನೂ ಹೋಗ್ತದ."

"ಹೋಗ್ಲಿ. ಅಂವಾ ಖರೇನ ಹೇಳಿದ್ದಾ, ಸುಮಾ. ನಾ ಅಂವನ್ನ ಸುಳ್ಳ ಮಾಡೀನಿ."

ಸುಮಂಗಲಾ ಸೆರಗಿನಿಂದ ಕಣ್ಣೊರೆಸಿಕೊಂಡು, ಎರಡು ಬೆರಳಿಲ್ಲದ ಕೈಗೆ ಹಾಕಲು ಬಾರದ ಅಂಗಿಯ ಗುಂಡಿಗಳನ್ನು ತಾನೇ ಹಾಕಿದಳು. ಅವನ ಜೊತೆಗೇ ಹೊರಟಳು.

ಠಾಣೆಯಲ್ಲಿ ಹವಾಲ್ದಾರ ಮೊದಲು ನಂಬಲಿಲ್ಲ. ಮುಚ್ಚಿದ ಕೇಸನ್ನು ತಾನಾಗಿ ಬಿಚ್ಚಿಸಲು ಬರುವ ಮುದುಕನನ್ನು ಅವನು ನೋಡಿರಲಿಲ್ಲ. "ಭಾಷೆಯ ಗೊಂದಲ ಆಯಿತು ಅಂತ ಬರೆಯಲೇ, ಕಾಕಾ? ನಿಮಗೆ ಮರಾಠಿ ಅಷ್ಟಾಗಿ ಬರುವುದಿಲ್ಲ ಅಂತ?" ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳಿದ.

"ಅವನು ಗುಂಡಿದೆ ಅಂತ ಸರಿಯಾಗಿ ಹೇಳಿದ್ದ, ನಾನು ನೋಡಲಿಲ್ಲ ಅಂತ ಬರೀರಿ" ಎಂದ ನಿಜಲಿಂಗಪ್ಪ.

ಹವಾಲ್ದಾರ ಬರೆದು ಮುಗಿಸಿ, ಹಾಳೆ ತಿರುಗಿಸಿ ಮುಂದಿಟ್ಟು, ಪೆನ್ನು ಕೊಟ್ಟ.

"ಕಾಕಾ, ಖಾಲೀ ಸಹೀ ಕರಾ."

ಅಂದು ಆಸ್ಪತ್ರೆಯ ಮಂಚದ ಬಳಿಯೂ ಪೊಲೀಸರು ಇದೇ ಮಾತು ಹೇಳಿದ್ದರು. ಏಕನಾಥ ಸತ್ತು ಎರಡು ದಿನವೂ ಆಗಿರಲಿಲ್ಲ. ಅಂದೂ ಅವನು ಖಾಲೀ ಅಂದರೆ ಏನೆಂದು ಯಾರನ್ನೂ ಕೇಳದೆ, ಸರಿಯಾಗಿ ಹಾಳೆಯ ಕೆಳಗೇ ಸಹಿ ಹಾಕಿದ್ದ.