ಮನೆದೇವರ ಹೆಸರಿನ ಪಾಸ್‌ವರ್ಡ್

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ತಿಪಟೂರಿನಲ್ಲಿ ಒಂದು ಪತ್ರಿಕೆಯ ವರದಿಗಾರನಾಗಿದ್ದೆ. ಕೊಬ್ಬರಿ ಹರಾಜಿನ ದರ, ಕೆರೆ ಒತ್ತುವರಿ, ತಾಲ್ಲೂಕು ಪಂಚಾಯಿತಿ ಸಭೆಯ ಗದ್ದಲ, ಇವು ನನ್ನ ದಿನನಿತ್ಯದ ಸರಕು. ಅಕ್ಕನನ್ನು ಕೊಟ್ಟಿದ್ದು ಬಿಳಿಗೆರೆ ದಾಟಿ ಸ್ವಲ್ಪ ದೂರದ ಹಳ್ಳಿಯೊಂದಕ್ಕೆ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಕೂಡು ಕುಟುಂಬ. ಭಾವನ ಅಣ್ಣ ಮನೆಯ ಯಜಮಾನ. ನಾನು ಅವರನ್ನು ದೊಡ್ಡಭಾವ ಎನ್ನುತ್ತಿದ್ದೆ. ಅವರ ತಾಯಿ, ಎಲ್ಲರೂ ಅಜ್ಜಿ ಎನ್ನುತ್ತಿದ್ದವರು, ಇನ್ನೂ ಗಟ್ಟಿಯಾಗಿದ್ದರು.

ಅಕ್ಕನ ಮಗಳು ಹತ್ತನೇ ತರಗತಿಯಲ್ಲಿದ್ದಳು. ಲೆಕ್ಕದಲ್ಲಿ ಚುರುಕು. ತಿಪಟೂರಿಗೆ ಬಂದು ಪಿಯುಸಿ ಸೈನ್ಸ್ ಓದಬೇಕೆಂಬುದು ಅವಳ ಆಸೆ. ದೊಡ್ಡಭಾವ ಒಂದು ಷರತ್ತು ಹಾಕಿದ್ದರು. "ಫಸ್ಟ್ ಕ್ಲಾಸ್ ಬಂದ್ರೆ ಕಳ್ಸಾಣ. ಇಲ್ದಿದ್ರೆ ಮನೇಲಿ ಕೆಲ್ಸ ಬೇಕಾದಷ್ಟೈತೆ." ಅವರ ಸ್ವಂತ ಮಗ ಅದೇ ಹತ್ತನೇ ತರಗತಿಯಲ್ಲಿ ಎರಡು ಸಲ ಫೇಲಾಗಿ, ಕಂಪ್ಯೂಟರ್ ಕೋರ್ಸ್ ಎಂದು ಹೇಳಿಕೊಂಡು ದಿನಾ ಬೈಕಿನಲ್ಲಿ ತಿಪಟೂರಿಗೆ ಬಂದು ಹೋಗುತ್ತಿದ್ದ. ಅವನಿಗೆ ಷರತ್ತೇನೂ ಇರಲಿಲ್ಲ.

ಅವಳ ಶಾಲೆಗೆ ಆ ವರ್ಷ ಕಂಪ್ಯೂಟರ್ ಬಂದವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮೊದಲ ದಿನ ಊದುಬತ್ತಿ ಹಚ್ಚಿ, ಕಾಯಿ ಒಡೆದು, ಪರದೆಗಳಿಗೆ ಕುಂಕುಮ ಇಟ್ಟರು. ಪಾಠಕ್ಕೆ ತಿಪಟೂರಿನ ತರಬೇತಿ ಕೇಂದ್ರವೊಂದರಿಂದ ಒಬ್ಬ ಯುವಕ ಬರುತ್ತಿದ್ದ. ಇಂಟರ್ನೆಟ್ ಇದ್ದದ್ದು ಹೆಡ್‌ಮಾಸ್ಟರ ಕೋಣೆಯಲ್ಲಿ ಮಾತ್ರ. ಅಲ್ಲಿಯೇ ಆತ ಇಡೀ ತರಗತಿಗೆ ಒಬ್ಬೊಬ್ಬರಾಗಿ ಇಮೇಲ್ ತೆರೆಸಿದ. ಪಾಸ್‌ವರ್ಡ್ ಏನಿಡಬೇಕೆಂದು ಮಕ್ಕಳು ಕೇಳಿದರು. ಆತ ಹೇಳಿದ್ದು ಇಷ್ಟು: "ಜನ್ಮದಲ್ಲಿ ಮರೆಯದೇ ಇರೋ ಹೆಸರು ಇಡಿ. ಮನೆದೇವರ ಹೆಸರು ಮರೀತೀರೇನ್ರೋ?"

ಮಕ್ಕಳು ಹಾಗೇ ಮಾಡಿದರು. ಯಾರೂ ಮರೆಯಲಿಲ್ಲ.

ನಮ್ಮ ಸೀಮೆಯಲ್ಲಿ ಮನೆದೇವರು ಗುಟ್ಟಿನ ವಿಷಯವಲ್ಲ. ಹೆಣ್ಣು ನೋಡಲು ಬಂದವರು ಕಾಲು ತೊಳೆದು ಕೂತ ಮೇಲೆ ಕೇಳುವ ಮೊದಲ ಪ್ರಶ್ನೆಯೇ ಅದು. ಲಗ್ನಪತ್ರಿಕೆಯ ನೆತ್ತಿಯ ಮೇಲೆ ಅಚ್ಚಾಗಿರುತ್ತದೆ, ಲಾರಿಯ ಹಣೆಯ ಮೇಲೆ ಬಣ್ಣದಲ್ಲಿ ಬರೆದಿರುತ್ತದೆ. ಅಕ್ಕನ ಮನೆಯವರಿಗೆ ಸಂಪಿಗೆಯ ಶ್ರೀನಿವಾಸ. ಬೈಕಿನ ನಂಬರ್ ಪ್ಲೇಟಿನ ಮೇಲೂ ಅವನೇ ಇದ್ದ.

ಪರೀಕ್ಷೆ ಹತ್ತಿರವಾದಾಗ ಒಂದು ಬೆಳಗ್ಗೆ ಭಾವ ನನ್ನ ಆಫೀಸಿಗೆ ಬಂದರು. ಹೆಡ್‌ಮಾಸ್ಟರು ಕರೆಸಿದ್ದಾರೆ, ಕಂಪ್ಯೂಟರ್ ವಿಷಯವಂತೆ, ತನಗೆ ಅರ್ಥವಾಗುವುದಿಲ್ಲ, ನೀನು ಬಾ ಎಂದರು. ಹೋದೆವು.

ಹೆಡ್‌ಮಾಸ್ಟರು ಒಂದು ಹಾಳೆ ಮುಂದಿಟ್ಟರು. ಹುಡುಗಿಯ ಇಮೇಲ್‌ನಿಂದ ಕಂಪ್ಯೂಟರ್ ಮೇಷ್ಟ್ರಿಗೆ ಹೋಗಿದ್ದ ಪ್ರೇಮಪತ್ರ ಅದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಇಡೀ ತರಗತಿಗೂ ಅದರ ಪ್ರತಿ ಹೋಗಿತ್ತು. ಮೇಷ್ಟ್ರು ತನ್ನ ಕೆಲಸ ಉಳಿಸಿಕೊಳ್ಳಲು ತಾನೇ ಮುದ್ರಿಸಿ ತಂದುಕೊಟ್ಟಿದ್ದ. ಹುಡುಗರು ಇನ್ನೊಂದು ಪ್ರತಿ ಮಾಡಿಸಿ ಬಸ್ ನಿಲ್ಲುವ ತಂಗುದಾಣದ ಗೋಡೆಗೆ ಅಂಟಿಸಿದ್ದರು. ನಾವು ಇಳಿದದ್ದು ಅಲ್ಲೇ, ನೋಡಿರಲಿಲ್ಲ.

ಭಾವನಿಗೆ ಓದಲು ಬಾರದೆಂದು ಹೆಡ್‌ಮಾಸ್ಟರು ತಾವೇ ಗಟ್ಟಿಯಾಗಿ ಓದಿದರು. ಬಾಗಿಲು ತೆರೆದೇ ಇತ್ತು. "ಪರೀಕ್ಷೆ ಮುಗಿದ ದಿನಾನೇ ಓಡಿಹೋಗಾಣ ಸರ್" ಎಂಬುದು ಕೊನೆಯ ಸಾಲು. ಆ ಸಾಲನ್ನು ಎರಡು ಸಲ ಓದಿದರು. ಹುಡುಗಿ ಮೂಲೆಯಲ್ಲಿ ನಿಂತಿದ್ದಳು, ಕಂಪ್ಯೂಟರ್ ಮೇಷ್ಟ್ರು ಬಾಗಿಲ ಬಳಿ.

"ನಾನು ಬರೆದಿಲ್ಲ ಮಾವ," ಎಂದಳು.

"ಪಾಸ್‌ವರ್ಡ್ ಇಲ್ದೆ ಬೇರೆಯವ್ರು ತೆಗೆಯೋಕೇ ಆಗಲ್ಲ ಕಣ್ರೀ," ಎಂದರು ಹೆಡ್‌ಮಾಸ್ಟರು.

"ಪಾಸ್‌ವರ್ಡ್ ಏನಿತ್ತು?" ಎಂದು ಕೇಳಿದೆ.

ಹುಡುಗಿ ಹೇಳಿದಳು. ಮೇಷ್ಟ್ರು ನೆಲ ನೋಡಿದ. ಅದನ್ನು ಇಡಲು ಹೇಳಿದ್ದು ತಾನೆಂದು ಆತ ಬಾಯಿಬಿಡಲಿಲ್ಲ. ಅದನ್ನು ಹುಡುಗಿಯೇ ಆಮೇಲೆ ನನಗೆ ಹೇಳಿದ್ದು. ಅಲ್ಲೇ ಕಂಪ್ಯೂಟರಿನಲ್ಲಿ ತೆಗೆದು ತೋರಿಸು ಎಂದು ನಾನು ಹೇಳಿದಾಗ ಅವಳು ಟೈಪ್ ಮಾಡಿದಳು. ತೆರೆಯಲಿಲ್ಲ. ಪಾಸ್‌ವರ್ಡ್ ಬದಲಾಗಿತ್ತು.

"ನೋಡಿದ್ರಾ, ಈಗ ನಾಟಕ," ಎಂದರು ಹೆಡ್‌ಮಾಸ್ಟರು.

ಮನೆಯಲ್ಲಿ ಅಜ್ಜಿಗೆ ವಿಷಯ ತಿಳಿಸಬೇಕಾಯಿತು. ಇಮೇಲ್ ಎಂದರೇನೆಂದು ಅವರಿಗೆ ಗೊತ್ತಿರಲಿಲ್ಲ. ಬಾಗಿಲಿಗೆ ಬೀಗ ಇದ್ದ ಹಾಗೆ, ಒಂದು ಹೆಸರು ಹೇಳಿದರೆ ತೆರೆಯುತ್ತದೆ ಎಂದು ಭಾವ ವಿವರಿಸಿದರು.

"ಯಾವ್ ಹೆಸ್ರು?"

"ನಮ್ಮ ದೇವ್ರ ಹೆಸ್ರೇ ಕಣವ್ವ."

ಅಜ್ಜಿ ಎಲೆ ಅಡಿಕೆ ಕೆಳಗಿಟ್ಟರು. "ದೇವ್ರ ಹೆಸ್ರು ಹೇಳಿ ಬರೆದೌಳೆ ಅಂದ್ಮೇಲೆ ಇನ್ನೇನ್ಲಾ ವಿಚಾರ್ಸೋದು? ಆಣೆ ಮಾಡ್ದಂಗೇ ಆಯ್ತಲ್ಲ. ಶ್ರೀನಿವಾಸನ ಹೆಸ್ರು ಹೇಳಿ ಯಾರಾದ್ರೂ ಸುಳ್ಳು ಬರೀತಾರಾ?"

ಎದುರಿಗಿದ್ದವರಲ್ಲಿ ಒಬ್ಬರೂ ನಗಲಿಲ್ಲ. ಪಾಸ್‌ವರ್ಡ್ ಆ ಮನೆಯಲ್ಲಿ ಆಣೆಯಾಯಿತು. ಹುಡುಗಿಯ ಪುಸ್ತಕಗಳನ್ನು ದೊಡ್ಡಭಾವ ಕೊಬ್ಬರಿ ಅಟ್ಟಕ್ಕೆ ಹಾಕಿಸಿದರು. ಏಣಿ ತೆಗೆಸಿದರು.

ನಾನು ಆ ಹಾಳೆಯನ್ನು ಜೇಬಿನಲ್ಲಿ ತಂದಿದ್ದೆ. ಆಫೀಸಿನಲ್ಲಿ ಕೂತು ಯಾವ ಪತ್ರಿಕಾ ಹೇಳಿಕೆಯನ್ನಾದರೂ ಓದುವ ಹಾಗೆ ಓದಿದೆ: ಯಾರಿಂದ, ಯಾರಿಗೆ, ಯಾವಾಗ. ಶನಿವಾರ ಬೆಳಗ್ಗೆ ಹೋದ ಪತ್ರ ಅದು. ಆ ಶನಿವಾರ ಇಡೀ ಮನೆ ಸಂಪಿಗೆಯಲ್ಲಿತ್ತು. ಹುಡುಗಿಯ ತಮ್ಮನಿಗೆ ದೇವಸ್ಥಾನದಲ್ಲಿ ಮುಡಿ ಕೊಟ್ಟಿದ್ದರು. ನನ್ನ ತೊಡೆಯ ಮೇಲೆ ಕೂರಿಸಿಕೊಂಡೇ ತಲೆ ಬೋಳಿಸಿದ್ದು. ಅಕ್ಕನ ಮಗಳು ಪಕ್ಕದಲ್ಲಿ ನಿಂತು ಅಳುವ ತಮ್ಮನಿಗೆ ಪೆಪ್ಪರಮೆಂಟ್ ತೋರಿಸುತ್ತಿದ್ದಳು. ಬಾರದೇ ಇದ್ದವನು ದೊಡ್ಡಭಾವನ ಮಗ ಒಬ್ಬನೇ. ಕೊಬ್ಬರಿ ತುಂಬಲು ಆಳುಗಳು ಬರುತ್ತಾರೆ, ಮನೆಯಲ್ಲಿರುತ್ತೇನೆ ಎಂದಿದ್ದ.

ತಿಪಟೂರಿನಲ್ಲಿ ಸೈಬರ್ ಸೆಂಟರ್‌ಗಳು ಆಗ ಬೆರಳೆಣಿಕೆಯಷ್ಟು. ಎರಡನೆಯದರಲ್ಲೇ ಉತ್ತರ ಸಿಕ್ಕಿತು. ಅಂಗಡಿಯವನು ನನ್ನ ಪರಿಚಯದವನೇ.

"ನಿಮ್ಮಕ್ಕನ ಮನೆ ಹುಡುಗ ತಾನೇ ಸಾರ್? ಆ ಶನಿವಾರ ಬೆಳಗ್ಗೇನೇ ಬಂದಿದ್ದ. ಒಂದೇ ಕ್ಯಾಬಿನ್‌ನಲ್ಲಿ ಸ್ನೇಹಿತರನ್ನೆಲ್ಲಾ ತುಂಬ್ಕೊಂಡು ಒಂದೇ ಸಮ ನಗ್ತಿದ್ರು. ಗಲಾಟೆ ಮಾಡ್ಬೇಡ್ರೋ ಅಂತ ಬೈದೆ ನಾನು."

ಅಂದೇ ಹಳ್ಳಿಗೆ ಹೋದೆ. ಜಗಲಿಯ ಮೇಲೆ ಎಲ್ಲರೂ ಇದ್ದರು. ಹೆಂಗಸರು ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದರು, ಅಕ್ಕನ ಮಗಳೂ ಅವರ ಜೊತೆ. ಹುಡುಗನನ್ನು ನೇರವಾಗಿ ಕೇಳಿದೆ. ಅವನು ಅಲ್ಲಗಳೆಯುತ್ತಾನೆ ಎಂದುಕೊಂಡಿದ್ದೆ. ಅಲ್ಲಗಳೆಯಲಿಲ್ಲ.

"ತಮಾಷೆಗೆ ಕಣ್ ಮಾವ. ಕ್ಲಾಸಿಗೇ ಫಸ್ಟು ಅಂತ ಭಾರಿ ಮೆರೀತಿದ್ಲು. ಒಂಚೂರು ಇಳಿಸೋಣ ಅಂತ."

"ಅವಳ ಪಾಸ್‌ವರ್ಡ್ ಹಾಕಿ ಅವಳ ಹೆಸರಲ್ಲಿ ಬರೆಯೋದು ತಮಾಷೆನೇನೋ?"

"ಅವ್ಳ ಪಾಸ್‌ವರ್ಡ್ ಹೆಂಗಾಗುತ್ತೆ? ನಮ್ಮನೆ ದೇವ್ರಲ್ವಾ? ನನ್ ದೇವ್ರ ಹೆಸ್ರು ಹಾಕೋಕೆ ನಾನು ಅವ್ಳನ್ನ ಕೇಳ್ಬೇಕಾ?"

ಈಗ ಏನಿಟ್ಟಿದ್ದೀಯಾ ಎಂದು ಕೇಳಿದೆ. ಅವನು ನಕ್ಕ. "ಪಾಸ್‌ವರ್ಡ್ ಯಾರ್ಗೂ ಹೇಳ್ಬಾರ್ದು ಮಾವ. ನಮ್ ಕೋರ್ಸ್‌ನಲ್ಲಿ ಅದ್ನೇ ಮೊದ್ಲು ಹೇಳ್ಕೊಡೋದು."

ದೊಡ್ಡಭಾವ ಎದ್ದು ಅವನ ಕೆನ್ನೆಗೆ ಒಂದು ಬಾರಿಸಿದರು. ಮತ್ತೆ ಬಂದು ಕೂತರು. ಅವನ ಪಾಲಿನ ಶಿಕ್ಷೆ ಅಲ್ಲಿಗೆ ಮುಗಿಯಿತು.

ನಾಳೆಯೇ ಶಾಲೆಗೆ ಹೋಗಿ ನಿಜ ಹೇಳೋಣ ಎಂದೆ.

"ಏನಂತ ಹೇಳ್ತೀಯಯ್ಯ?" ಎಂದರು ದೊಡ್ಡಭಾವ. "ಊರೆಲ್ಲ ಓದಾಯ್ತು. ಇವ್ನು ಮಾಡಿದ್ದು ಅಂತ ಸಾರ್ಕೊಂಡು ಬಂದ್ರೆ ಅವ್ಳ ಮಾನ ವಾಪಸ್ ಬಂದ್ಬುಡುತ್ತಾ? ಇವ್ನದೂ ಹೋಯ್ತದೆ. ಒಬ್ರುದ್ದು ಹೋಗಿರೋದೇ ಸಾಕು ಬುಡು."

ಭಾವನ ಕಡೆ ನೋಡಿದೆ. ಅವರು ಚಿಪ್ಪುಗಳನ್ನು ಮಂಕರಿಗೆ ತುಂಬುತ್ತಿದ್ದರು.

"ಹಂಗಾದ್ರೆ ನಾನು ಪರೀಕ್ಷೆ ಬರೀಬಹುದಾ ದೊಡ್ಡಪ್ಪ?" ಎಂದು ಹುಡುಗಿ ಕೇಳಿದಳು. ನಿಜ ಹೊರಗೆ ಬಂದಿದೆ, ಇನ್ನೇನು ಎಂಬ ಧೈರ್ಯ ಅವಳ ದನಿಯಲ್ಲಿತ್ತು.

ಉತ್ತರ ಕೊಟ್ಟಿದ್ದು ಅಜ್ಜಿ. "ಬರ್ಕೊ, ಯಾರು ಬೇಡ ಅಂದ್ರು? ಆದ್ರೆ ಮೊದ್ಲು ದೇವ್ರಿಗೆ ತಪ್ಪುಕಾಣಿಕೆ ಹಾಕ್ಬೇಕು. ಅವ್ನು ಹುಡುಗ, ತಿಳೀದೆ ಮಾಡ್ದ. ದೇವ್ರ ಹೆಸ್ರನ್ನ ಆ ಡಬ್ಬಕ್ಕೆ ಬೀಗದ ಕೈ ಮಾಡಿದ್ದು ಯಾರು? ನೀನು. ನೀನು ಇಡ್ದಿದ್ರೆ ಅವ್ನು ತೆಗೀತಿದ್ನಾ?"

ತಪ್ಪುಕಾಣಿಕೆ ಎಂದರೆ ದೇವರಿಗೆ ಅಪಚಾರವಾದಾಗ ಮನೆಮಂದಿಯೆಲ್ಲ ಹೋಗಿ, ತಪ್ಪನ್ನು ಬಾಯಿಬಿಟ್ಟು ಹೇಳಿ, ಹುಂಡಿಗೆ ಹಾಕುವ ಕಾಣಿಕೆ. ಶ್ರೀನಿವಾಸನ ವಾರ ಶನಿವಾರ. ಗಣಿತದ ಪರೀಕ್ಷೆ ಬಿದ್ದಿದ್ದೂ ಶನಿವಾರವೇ. ಅದಕ್ಕೂ ಹಿಂದಿನ ಶನಿವಾರ ಆಗಬಹುದಲ್ಲ ಎಂದು ಅಕ್ಕ ಕೇಳಿದಳು. ದಾಯಾದಿಗಳ ಮನೆಯಲ್ಲಿ ಸಾವಾಗಿದೆ, ಆವತ್ತಿಗೆ ಸೂತಕ ಕಳೆದಿರುವುದಿಲ್ಲ ಎಂದರು ಅಜ್ಜಿ. ಹಾಗಾದರೆ ಪರೀಕ್ಷೆ ಮುಗಿದ ಮೇಲಿನ ಶನಿವಾರ ಹೋಗಿ ಎಂದು ನಾನು ಹೇಳಿದೆ.

"ದೇವ್ರು ಇವ್ಳ ಪರೀಕ್ಷೆ ಮುಗಿಯೋಗಂಟ ಕಾಯ್ಬೇಕಾ?"

"ಅಜ್ಜಿ, ಒಂದು ವಾರ ತಡವಾದ್ರೆ..."

"ನಿಮ್ಮನೆ ದೇವ್ರು ಬೇರೆ ಕಣಪ್ಪ," ಎಂದರು ಅಜ್ಜಿ, ಕೋಪವಿಲ್ಲದೆ. "ಇದ್ರಲ್ಲಿ ನೀನು ಮಾತಾಡ್ಬಾರ್ದು."

ಹೆಣ್ಣು ಕೊಟ್ಟ ಮನೆಯವನ ಬಾಯಿ ಕಟ್ಟಲು ಅದಕ್ಕಿಂತ ದೊಡ್ಡ ಮಾತಿಲ್ಲ.

ಹೆಡ್‌ಮಾಸ್ಟರಿಗೆ ನಾನೇ ಹೋಗಿ ನಡೆದದ್ದನ್ನು ಹೇಳಿದೆ. ಮನೆಯವರು ಬಂದು ಹೇಳಲಿ, ನೀವು ಹೇಳಿದರೆ ಆಗುವುದಿಲ್ಲ ಎಂದರು. ಮನೆಯವರು ಹೋಗಲಿಲ್ಲ. ಬದಲಿಗೆ ಹೆಡ್‌ಮಾಸ್ಟರು ಒಂದು ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಇಂಟರ್ನೆಟ್‌ನ ಅಪಾಯಗಳ ಬಗ್ಗೆ ಮಕ್ಕಳಿಗೆ ಎಚ್ಚರಿಕೆಯ ಭಾಷಣ ಮಾಡಿದರು. ಅದರ ಸಾರಾಂಶ, ಇನ್ನು ಮುಂದೆ ಹೆಣ್ಣುಮಕ್ಕಳು ಕಂಪ್ಯೂಟರ್ ಕೋಣೆಗೆ ಬರುವುದು ಬೇಡ. ಹುಡುಗರು ಚಪ್ಪಾಳೆ ತಟ್ಟಿದರಂತೆ. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಯಾರಿಗೂ ಹೇಳಲಿಲ್ಲ.

ಏಣಿ ಹಾಕಿ ಪುಸ್ತಕ ಇಳಿಸಿಕೊಟ್ಟರು. ಮೊದಲ ಪತ್ರಿಕೆಗಳನ್ನು ಅವಳು ಬರೆದಳು. ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಹುಡುಗರು "ಓಡಿಹೋಗಾಣ ಸರ್" ಎಂದು ರಾಗವಾಗಿ ಕೂಗುತ್ತಿದ್ದರು. ಭಾವ ಅವಳನ್ನು ಗೇಟಿಗಿಂತ ಹಿಂದೆಯೇ ಇಳಿಸಿ ಹೊರಟುಬಿಡುತ್ತಿದ್ದರು. ಪ್ರಶ್ನೆಪತ್ರಿಕೆ ಸುಲಭ ಇತ್ತು ಮಾವ ಎಂದು ಅವಳು ನನಗೆ ಫೋನ್ ಮಾಡುತ್ತಿದ್ದಳು.

ಶನಿವಾರ ಬಂತು. ಅಕ್ಕ ಹೇಳಿಕಳಿಸಿದ್ದರಿಂದ ನಾನೂ ಹೋದೆ. ಬಾಡಿಗೆ ಜೀಪಿನಲ್ಲಿ ಸಂಪಿಗೆಗೆ ಹೊರಟೆವು. ದೊಡ್ಡಭಾವನ ಮಗ ಡ್ರೈವರ್ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಹಾಡು ಬದಲಿಸುತ್ತಿದ್ದ. ಹುಡುಗಿ ರೇಷ್ಮೆ ಲಂಗ ಉಟ್ಟಿದ್ದಳು. ಸಂಪಿಗೆ ತಲುಪುವ ಹೊತ್ತಿಗೆ ಪರೀಕ್ಷೆಯ ಮೊದಲ ಗಂಟೆ ಹೊಡೆದಿರಬೇಕು. ಅವಳು ನನ್ನ ಕೈ ಹಿಡಿದು ವಾಚು ನೋಡಿ ಬಿಟ್ಟಳು.

ಅರ್ಚಕರು ತಟ್ಟೆ ಹಿಡಿದು, ಏನು ತಪ್ಪಾಗಿದೆ, ದೇವರ ಮುಂದೆ ಹೇಳಿಕೊಳ್ಳಮ್ಮ ಎಂದರು.

"ಪಾಸ್‌ವರ್ಡ್ ಇಟ್ಟೆ," ಎಂದಳು.

"ಹಾಗಂದ್ರೇನಮ್ಮ?"

"ಬೇರೆಯವ್ರಿಗೆ ಗೊತ್ತಾಗಬಾರದ ಮಾತು. ಅದಕ್ಕೆ ದೇವ್ರ ಹೆಸರು ಇಟ್ಟಿದ್ದೆ."

ಅರ್ಚಕರಿಗೆ ನಗು ಬಂತು. ಒಳ್ಳೆಯ ಮನುಷ್ಯ, ಕನಿಕರದ ನಗು. "ದೇವ್ರ ಹೆಸರು ಯಾರಿಗೆ ಗೊತ್ತಿಲ್ಲಮ್ಮ? ಅದೆಂಥ ತಪ್ಪು?" ಎಂದು ಅಜ್ಜಿಯ ಮುಖ ನೋಡಿದರು. ಅಜ್ಜಿ ಕಣ್ಣು ಮುಚ್ಚಿ ಕೈಮುಗಿದಿದ್ದರು. ಹುಡುಗಿ ಕಾಣಿಕೆ ಹಾಕಿದಳು. ಅವಳ ಹಿಂದೆ ನಿಂತಿದ್ದ ದೊಡ್ಡಭಾವನ ಮಗ ತೀರ್ಥಕ್ಕೆ ಕೈಯೊಡ್ಡಿದ.

ಊಟಕ್ಕೆ ಎಲೆ ಹಾಕಿದಾಗ ಗಣಿತದ ಪತ್ರಿಕೆ ಮುಗಿದಿತ್ತು. ಅವಳು ಎಲ್ಲರಿಗೂ ನೀರು ಬಡಿಸಿದಳು.

ಫಲಿತಾಂಶ ಬಂದಾಗ ಉಳಿದ ವಿಷಯಗಳಲ್ಲಿ ಒಳ್ಳೆಯ ಅಂಕಗಳಿದ್ದವು. ಗಣಿತದ ಮುಂದೆ ಗೈರುಹಾಜರು ಎಂದಿತ್ತು. ದೊಡ್ಡಭಾವ ಅದನ್ನು ನನ್ನ ಕೈಯಿಂದ ಓದಿಸಿ ಕೇಳಿದರು. "ಫೇಲ್ ತಾನೇ? ಮಾತು ಮಾತೇ ಕಣಯ್ಯ. ಫಸ್ಟ್ ಕ್ಲಾಸ್ ಬಂದ್ರೆ ಅಂದಿದ್ದೆ."

ಒಂದೇ ವಿಷಯ, ಪೂರಕ ಪರೀಕ್ಷೆಯಲ್ಲಿ ಬರೆದುಬಿಡುತ್ತೇನೆ ಎಂದಳು ಹುಡುಗಿ.

"ನೋಡಣ ಬುಡು," ಎಂದರು ದೊಡ್ಡಭಾವ.

ನಮ್ಮ ಕಡೆ ಆ ಮಾತಿಗೆ ಏನರ್ಥವೆಂದು ಅವಳಿಗೆ ಗೊತ್ತಿತ್ತು. ಮತ್ತೆ ಕೇಳಲಿಲ್ಲ. ಪೂರಕ ಪರೀಕ್ಷೆಯ ದಿನ ನಾನು ಬೇರೆ ಕೆಲಸದ ಮೇಲೆ ಆ ಹಳ್ಳಿಗೆ ಹೋಗಿದ್ದೆ. ಅವಳು ಜಗಲಿಯ ಮೇಲೆ ಕೂತು ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದಳು. ಕಾಫಿ ಮಾಡ್ಲಾ ಮಾವ ಎಂದು ಎದ್ದು ಒಳಗೆ ಹೋದಳು.