ಹೋಗದ ಮಂಜು
ದೆಹಲಿಯ ಪೀತಮ್‌ಪುರದ ದತ್ತಾತ್ರೇಯರ ಜೇಬಿನಲ್ಲಿ ಕರವಸ್ತ್ರ ಇಲ್ಲದಿದ್ದರೂ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ಇದ್ದೇ ಇರುತ್ತದೆ. ಯಾರ ಮನೆಗೆ ಹೋದರೂ ಚಹಾ ಬರುವ ಮೊದಲೇ ಅವರ ಕಣ್ಣು ಟಿವಿಯ ಮೇಲೆ. “ಮೊದಲು ಆಫ್ ಮಾಡಿ, ತಣ್ಣಗಾಗಲಿ. ಅಚ್ಛಾ, ನೀರು ಬಟ್ಟೆಗೆ ಹಾಕಬೇಕು, ಸ್ಕ್ರೀನಿಗಲ್ಲ” ಎನ್ನುತ್ತ ಹಸುಗೂಸಿನ ಕೆನ್ನೆ ಸವರಿದಂತೆ ಒರೆಸುತ್ತಾರೆ. ಯಾರಾದರೂ ಕಿಟಕಿ ಗಾಜಿನ ಸ್ಪ್ರೇ ಕೈಗೆತ್ತಿಕೊಂಡರೆ ತಮ್ಮ ಮುಖಕ್ಕೇ ಹೊಡೆದಂತೆ ಬೆಚ್ಚುತ್ತಾರೆ. ಆದರೆ ಈ ಚಳಿಗಾಲದಲ್ಲಿ ಎಷ್ಟು ಒರೆಸಿದರೂ ಒಂದು ಮಂಜು ಮಾತ್ರ ಹೋಗಲಿಲ್ಲ. ಮೊದಲು ದೆಹಲಿಯ ಹೊಗೆಯನ್ನು ಬೈದರು, ಆಮೇಲೆ ಬಟ್ಟೆ ಬದಲಾಯಿಸಿದರು. ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲದರಲ್ಲೂ ಅದೇ ಮಂಜು ಕಂಡಾಗ ಒಳಗೊಳಗೇ ಹೆದರಿ, ಹೆಂಡತಿಗೂ ಹೇಳದೆ ಇನ್ನಷ್ಟು ಒರೆಸಿದರು. ಕೊನೆಗೆ ಇದನ್ನು ಗಮನಿಸಿದ ಹೆಂಡತಿ ಜಲಜಮ್ಮನೇ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಬರೀ ಪೊರೆ ಎಂದ ಡಾಕ್ಟರು ಅದನ್ನು ತೆಗೆದೂ ಬಿಟ್ಟರು. ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ದತ್ತಾತ್ರೇಯರು, ಆಪರೇಷನ್ನಿನ ಗಡಿಬಿಡಿಯಲ್ಲಿ ಯಾರೂ ಮುಟ್ಟದ ಟಿವಿಯ ಮುಂದೆ ಬಹಳ ಹೊತ್ತು ನಿಂತರು. “ಎಷ್ಟು ಧೂಳು ಕೂತಿದೆ ನೋಡೇ, ಒಂದೊಂದು ಕಣವೂ ಕಾಣ್ತಿದೆ” ಎಂದರು. ಜಲಜಮ್ಮ ಬಟ್ಟೆ ತಂದುಕೊಟ್ಟರು. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, “ಇವತ್ತೊಂದು ದಿನ ಹಾಗೇ ಇರಲಿ ಬಿಡೇ” ಎನ್ನುತ್ತ ಕುರ್ಚಿ ಎಳೆದುಕೊಂಡು ಆ ಧೂಳನ್ನೇ ನೋಡುತ್ತ ಕೂತರು.